ಮೀಟರಿನಲ್ಲಿ 1.38 ವೋಲ್ಟ್ ಇತ್ತು, ಬಲ್ಬ್ ಮಾತ್ರ ಉರಿಯಲಿಲ್ಲ

ಒಂದು ಹಳೇ ಸೆಲ್ಲಿನಿಂದ ಇದೆಲ್ಲ ಶುರುವಾಯಿತು. ಟಾರ್ಚಿನಿಂದ ತೆಗೆದು ಡ್ರಾಯರಿನಲ್ಲಿ ಹಾಕಿಟ್ಟಿದ್ದ ಸೆಲ್ ಅದು. ಅಕ್ಕನ ಮಗಳು ವಿದ್ಯುಚ್ಚಾಲಕ ಬಲದ ಪಾಠ ಓದುತ್ತಾ ಕೂತಿದ್ದಳು. ಅವಳಿಗೆ ತೋರಿಸೋಣ ಅಂತ ಆ ಸೆಲ್ಲಿಗೆ ಮಲ್ಟಿಮೀಟರ್ ಹಿಡಿದೆ. 1.38 ವೋಲ್ಟ್ ಬಂತು. ಪರವಾಗಿಲ್ಲ, ಇನ್ನೂ ಜೀವ ಇದೆ ಅಂದುಕೊಂಡು ಒಂದೂವರೆ ವೋಲ್ಟಿನ ಪುಟ್ಟ ಬಲ್ಬ್ ಜೋಡಿಸಿದೆ. ಒಳಗಿನ ತಂತಿ ಮಂಕಾಗಿ ಕೆಂಪಾಯಿತು ಅಷ್ಟೇ, ಕೈ ಅಡ್ಡ ಹಿಡಿದು ನೆರಳು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು.

"ಮಾಮಾ, ಮೀಟರ್ ಸುಳ್ಳು ಹೇಳ್ತಿದೆಯಾ?" ಅಂತ ಕೇಳಿದಳು.

ಬಲ್ಬ್ ಜೋಡಿಸಿದ ಹಾಗೇ ಇಟ್ಟು, ಸೆಲ್ಲಿನ ಎರಡು ತುದಿಗೆ ಮತ್ತೆ ಮೀಟರ್ ಹಿಡಿದೆ. 0.41 ವೋಲ್ಟ್. ಬಲ್ಬಿನ ವೈರ್ ಬಿಡಿಸಿದೆ. ಅಂಕಿ ಮೆಲ್ಲಗೆ ಏರಿ 1.38ರ ಹತ್ತಿರ ಬಂದು ನಿಂತಿತು. ಮತ್ತೆ ಜೋಡಿಸಿದರೆ ಮತ್ತೆ 0.41. ಇಷ್ಟು ವರ್ಷ ನಾನು ಸೆಲ್ ಪರೀಕ್ಷೆ ಮಾಡುತ್ತಿದ್ದದ್ದು ಬರೀ ಮೀಟರ್ ಹಿಡಿದು, ಲೋಡ್ (ಬಲ್ಬಿನ ಹಾಗೆ ಕರೆಂಟ್ ಎಳೆಯುವಂಥದ್ದು) ಹಾಕಿ ನೋಡಿದ್ದೇ ಇಲ್ಲ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಸೂತ್ರ ಕಣ್ಣೆದುರಿಗೆ ಕುಣಿಯುತ್ತಿತ್ತು. ಆವತ್ತು ಸಂಜೆಯಿಂದ ಸುಮಾರು ಎರಡು ವಾರ ಬಿಡುವಾದಾಗಲೆಲ್ಲ ಇದರ ಮೇಲೇ ಕೂತೆ. ಆಗ ಮಾಡಿದ್ದನ್ನು, ಅಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಅವಳ ಎರಡನೇ ಪ್ರಶ್ನೆಯೂ ಒಳ್ಳೆಯದೇ ಆಗಿತ್ತು: "ಬಲ ಅಂದ್ರೆ ನ್ಯೂಟನ್ ಅಲ್ವಾ, ಇದಕ್ಕೆ ಯಾಕೆ ವೋಲ್ಟ್?" ನಿಜ, ಇದು ಬಲ ಅಲ್ಲ. ಮೊದಲ ಬ್ಯಾಟರಿ ಮಾಡಿದ ವೋಲ್ಟಾನ ಕಾಲದಲ್ಲಿ, ಅಂದರೆ 1800ರ ಆಸುಪಾಸಿನಲ್ಲಿ, ಬಲ ಯಾವುದು, ಶಕ್ತಿ ಯಾವುದು ಅನ್ನುವ ಗೆರೆ ಈಗಿನಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ. ಆಗ ಇಟ್ಟ ಹೆಸರು ಹಾಗೇ ಉಳಿದುಕೊಂಡಿತು. ನಾನು ಈಗ ಅದರ ಇಂಗ್ಲಿಷ್ ಹೆಸರು ಎಲೆಕ್ಟ್ರೋಮೋಟಿವ್ ಫೋರ್ಸನ್ನು ಚಿಕ್ಕದು ಮಾಡಿ ಇಎಂಎಫ್ ಅಂತಲೇ ಹೇಳುತ್ತೇನೆ. ಬಲ ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಮಕ್ಕಳ ತಲೆಯಲ್ಲಿ ಎಳೆಯುವುದು, ತಳ್ಳುವುದು ಬಂದು ಕೂರುತ್ತದೆ.

ಹಾಗಾದರೆ ಏನದು? ಒಂದು ಕೂಲಂಬ್ ಚಾರ್ಜನ್ನು ಸುತ್ತು ಹೊಡೆಸಲು ಸೆಲ್ ಕೊಡುವ ಶಕ್ತಿ ಎಷ್ಟು ಜೂಲ್ ಅನ್ನುವ ಲೆಕ್ಕ. ಒಂದು ವೋಲ್ಟ್ ಅಂದರೆ ಕೂಲಂಬಿಗೆ ಒಂದು ಜೂಲ್. ನನ್ನ ಹಳೇ ಸೆಲ್ಲಿನದು 1.38, ಅಂದರೆ ಪ್ರತಿ ಕೂಲಂಬಿಗೂ ಅದು 1.38 ಜೂಲ್ ಕೊಡುತ್ತಿತ್ತು. ಬಲ್ಬ್ ಇದ್ದರೂ ಅಷ್ಟೇ ಕೊಡುತ್ತಿತ್ತು, ಬಲ್ಬಿಗೆ ತಲುಪಿದ್ದು ಮಾತ್ರ 0.41 ಜೂಲ್. ಉಳಿದ 0.97 ಜೂಲ್ ಸೆಲ್ಲಿನ ಹೊಟ್ಟೆಯೊಳಗೇ ಬಿಸಿಯಾಗಿ ಹೋಯಿತು. ಈ ಒಂದು ಲೆಕ್ಕ ಹಾಳೆಯ ಮೇಲೆ ಬರೆದಾಗ ನನಗೂ ಅವಳಿಗೂ ಒಟ್ಟಿಗೇ ಅರ್ಥವಾಯಿತು. ಸೆಲ್ ಕೊಡುವುದು ಬೇರೆ, ಹೊರಗೆ ಸಿಗುವುದು ಬೇರೆ. ಕೊಡುವುದು ಇಎಂಎಫ್. ಹೊರಗೆ ಸಿಗುವುದು ತುದಿಗಳ ವೋಲ್ಟೇಜ್. ನಡುವೆ ತಿಂದುಹಾಕುವುದು ಆಂತರಿಕ ರೋಧ, ಅಂದರೆ ಸೆಲ್ಲಿನ ಒಳಗೇ ಕರೆಂಟಿಗೆ ಇರುವ ಅಡ್ಡಿ.

ತುದಿಯ ವೋಲ್ಟೇಜ್ = ಇಎಂಎಫ್ − (ಕರೆಂಟ್ × ಆಂತರಿಕ ರೋಧ)

ಈ ಸಾಲಿನಲ್ಲಿ ಕರೆಂಟ್ ಸೊನ್ನೆ ಅಂತ ಹಾಕಿ ನೋಡಿ. ನಷ್ಟವೂ ಸೊನ್ನೆ. ಬಾವಿಯ ರಾಟೆ ತುಕ್ಕು ಹಿಡಿದಿದ್ದರೂ ಹಗ್ಗ ಎಳೆಯದೆ ಸುಮ್ನೆ ನಿಂತವನಿಗೆ ಅದು ಗೊತ್ತಾಗುವುದೇ ಇಲ್ಲ ಅಲ್ವಾ, ಎಳೆಯಲು ಶುರು ಮಾಡಿದ ಮೇಲೆಯೇ ಭುಜಕ್ಕೆ ತಿಳಿಯುವುದು. ಮೀಟರ್ ಒಂದನ್ನೇ ಹಿಡಿದಾಗ ಸೆಲ್ಲಿನಿಂದ ಕರೆಂಟ್ ಹರಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಸಾಮಾನ್ಯ ಡಿಜಿಟಲ್ ಮೀಟರಿನ ರೋಧ 10 ಮೆಗಾಓಮ್, ಅಂದರೆ ಒಂದು ಕೋಟಿ ಓಮ್ ಇರುತ್ತದೆ. ಹಾಗಾಗಿ ಸಾಯುವ ಸೆಲ್ ಕೂಡ ಮೀಟರಿನ ಮುಂದೆ ಚೆನ್ನಾಗೇ ಕಾಣುತ್ತದೆ.

ಟಾರ್ಚಿಗೆ ಬಾರದ ಸೆಲ್ ಗೋಡೆ ಗಡಿಯಾರದಲ್ಲಿ ತಿಂಗಳುಗಟ್ಟಲೆ ಓಡುವುದಕ್ಕೂ ಇದೇ ಕಾರಣ. ಗಡಿಯಾರಕ್ಕೆ ಬೇಕಾಗುವ ಕರೆಂಟ್ ತುಂಬ ಕಡಿಮೆ. ಆಂತರಿಕ ರೋಧ 5 ಓಮ್ ಇದ್ದರೂ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಆ 5 ಓಮ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ರೆಸಿಸ್ಟರ್‌ಗಳನ್ನು (ಇಷ್ಟೇ ರೋಧ ಅಂತ ಗೊತ್ತಿರುವ ಸಣ್ಣ ಬಿಡಿಭಾಗಗಳನ್ನು) ಒಂದೊಂದಾಗಿ ಜೋಡಿಸಿ ತುದಿಯ ವೋಲ್ಟೇಜ್ ಬರೆದುಕೊಂಡೆ. ಕರೆಂಟನ್ನು ಬೇರೆಯಾಗಿ ಅಳೆಯಲಿಲ್ಲ. ಮಲ್ಟಿಮೀಟರನ್ನು ಮಿಲಿಆಂಪ್ ರೇಂಜಿನಲ್ಲಿ ನಡುವೆ ಸೇರಿಸಿದರೆ ಅದರದೇ ಒಂದೆರಡು ಓಮ್ ಸೇರಿಕೊಂಡು ಇಡೀ ಅಳತೆ ಕೆಡುತ್ತದೆ. ವೋಲ್ಟೇಜನ್ನು ರೆಸಿಸ್ಟರಿನ ಬೆಲೆಯಿಂದ ಭಾಗಿಸಿದರೆ ಕರೆಂಟ್ ಸಿಗುತ್ತದಲ್ಲ, ಅಷ್ಟು ಸಾಕು.

ಹಳೇ ಸೆಲ್ಲಿಗೆ 100 ಓಮ್ ಹಾಕಿದಾಗ 1.31 ವೋಲ್ಟ್. 10 ಓಮ್ ಹಾಕಿದಾಗ 0.92. ಅದನ್ನು 4.7 ಓಮಿಗೆ ಇಳಿಸಿದಾಗ 0.67. ಹತ್ತು ಓಮಿನ ಅಳತೆ ತೆಗೆದುಕೊಳ್ಳಿ: ಕರೆಂಟ್ 0.092 ಆಂಪ್, ಒಳಗೆ ಕಳೆದದ್ದು 1.38 ಕಳೆ 0.92, ಅಂದರೆ 0.46 ವೋಲ್ಟ್. ಭಾಗಿಸಿದರೆ 5 ಓಮ್. ಉಳಿದ ಎರಡು ಅಳತೆಯಿಂದಲೂ ಹೆಚ್ಚುಕಡಿಮೆ ಅದೇ ಬಂತು. ಆಮೇಲೆ ಹೊಸ ಆಲ್ಕಲೈನ್ ಸೆಲ್ ಒಂದನ್ನು ಹಿಡಿದೆ. ಏನೂ ಜೋಡಿಸದೆ ಇದ್ದಾಗ 1.60. ಅದಕ್ಕೆ 10 ಓಮ್ ಹಾಕಿದರೆ 1.55, 4.7 ಓಮ್ ಹಾಕಿದರೆ 1.50, 2.2 ಓಮ್ ಹಾಕಿದರೆ 1.41, 1 ಓಮ್ ಹಾಕಿದರೆ 1.23. ಲೆಕ್ಕ ಹಾಕಿದರೆ ಆಂತರಿಕ ರೋಧ ಬರೀ 0.3 ಓಮ್.

ಇಎಂಎಫ್ ನೋಡಿದರೆ ಎರಡಕ್ಕೂ ಇರುವ ವ್ಯತ್ಯಾಸ 0.22 ವೋಲ್ಟ್ ಅಷ್ಟೇ. ರೋಧ ನೋಡಿದರೆ ಹದಿನಾರು ಪಟ್ಟಿಗಿಂತ ಜಾಸ್ತಿ. ಹಳೇ ಸೆಲ್ಲನ್ನು ಹಾಳು ಮಾಡಿದ್ದು ರೋಧ.

ಗ್ರಾಫ್ ಹಾಳೆಯ ಮೇಲೆ ಅಡ್ಡಕ್ಕೆ ಕರೆಂಟ್, ಉದ್ದಕ್ಕೆ ವೋಲ್ಟೇಜ್ ಹಾಕಿ ಚುಕ್ಕೆ ಇಟ್ಟರೆ ಇಳಿಜಾರಿನ ನೇರ ಗೆರೆ ಬರುತ್ತದೆ. ಅದನ್ನು ಹಿಂದಕ್ಕೆ ಎಳೆದು ಕರೆಂಟ್ ಸೊನ್ನೆ ಇರುವ ಕಡೆ ಮುಟ್ಟಿಸಿದರೆ ಸಿಗುವುದು ಇಎಂಎಫ್. ಇಳಿಜಾರು ಎಷ್ಟು ಕಡಿದೋ ಅಷ್ಟು ಆಂತರಿಕ ರೋಧ. ಅವಳು ಎರಡೂ ಸೆಲ್ಲಿನ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆದಳು. ಹೊಸದರದ್ದು ಹೆಚ್ಚುಕಡಿಮೆ ಮಟ್ಟಸವಾಗಿ ಹೋಗುತ್ತದೆ, ಹಳೆಯದು ಗೋಡೆಯಿಂದ ಜಾರಿದ ಹಾಗೆ ಬೀಳುತ್ತದೆ. ಸೂತ್ರ ನೂರು ಸಲ ಬರೆಸುವುದಕ್ಕಿಂತ ಆ ಒಂದು ಹಾಳೆ ಜಾಸ್ತಿ ಹೇಳುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ಇಷ್ಟು ಸಲೀಸಾಗಿ ಎಲ್ಲ ಆಯಿತು ಅಂದುಕೊಳ್ಳಬೇಡಿ. ನೀವೂ ಮಾಡುವುದಾದರೆ ಎಡವುವ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ದಿನ ನನ್ನ ಹತ್ತಿರ ಇದ್ದದ್ದು ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್‌ಗಳು. ಹೊಸ ಸೆಲ್ಲಿಗೆ 1 ಓಮ್ ಹಾಕಿದರೆ ಹರಿಯುವುದು 1.23 ಆಂಪ್, ಅದರಲ್ಲಿ ಹುಟ್ಟುವ ಬಿಸಿ ಒಂದೂವರೆ ವ್ಯಾಟ್. ಎರಡು ಮೂರು ಸೆಕೆಂಡಿನಲ್ಲಿ ವಾಸನೆ ಬಂತು, ಮೇಲಿನ ಬಣ್ಣದ ಪಟ್ಟಿ ಕಪ್ಪಾಯಿತು, ಬೆರಳೂ ಚುರ್ ಅಂತು. ಬಿಳಿ ಇಟ್ಟಿಗೆ ತುಂಡಿನ ಹಾಗೆ ಇರುವ 5 ವ್ಯಾಟಿನ ರೆಸಿಸ್ಟರ್ ತಂದ ಮೇಲೆ ಕೆಲಸ ಸರಿಹೋಯಿತು.

ಎರಡನೆಯದು, ಮೀಟರನ್ನು ಎಲ್ಲಿ ಹಿಡಿಯುತ್ತೀರಿ ಅನ್ನುವುದು. ನಾನು ಮೊದಲು ರೆಸಿಸ್ಟರಿನ ಕಾಲಿಗೆ ಹಿಡಿಯುತ್ತಿದ್ದೆ. ಕ್ಲಿಪ್ಪು, ವೈರು, ಸೆಲ್ ಹೋಲ್ಡರಿನ ಸ್ಪ್ರಿಂಗು, ಎಲ್ಲಕ್ಕೂ ಅಷ್ಟಿಷ್ಟು ರೋಧ ಇರುತ್ತದೆ. ಅಳೆಯಬೇಕಾದ್ದೇ 0.3 ಓಮ್ ಆಗಿರುವಾಗ ಸ್ಪ್ರಿಂಗಿನ 0.1 ಓಮ್ ಕೂಡ ದೊಡ್ಡದೇ. ಸೆಲ್ಲಿನ ಗುಬ್ಬಿಗೂ ತಳಕ್ಕೂ ಮೀಟರಿನ ಮೊನೆ ನೇರವಾಗಿ ತಾಗಿಸಬೇಕು. ಹಾಗೆಯೇ 1 ಓಮ್ ಅಂತ ಬರೆದ ರೆಸಿಸ್ಟರನ್ನು ಮೀಟರಿನಲ್ಲಿ ನೋಡಿದರೆ 1.3 ತೋರಿಸಬಹುದು. ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಬಂದ ಅಂಕಿಯನ್ನು ಕಳೆದುಬಿಡಿ.

ಮೂರನೆಯದು ತಾಳ್ಮೆ. ಲೋಡ್ ಹಾಕಿದ ಕೂಡಲೇ ಓದಿ, ಎರಡು ಮೂರು ಸೆಕೆಂಡಿಗೆ ಬಿಡಿಸಬೇಕು, ಮತ್ತೆ ಹಾಕುವ ಮುಂಚೆ ಒಂದು ನಿಮಿಷ ಸೆಲ್ಲಿಗೆ ಬಿಡುವು ಕೊಡಬೇಕು. ಕರೆಂಟ್ ಎಳೆಯುತ್ತಾ ಹೋದಂತೆ ಸೆಲ್ಲಿನೊಳಗೆ ಪ್ಲಸ್, ಮೈನಸ್ ಎಲೆಕ್ಟ್ರೋಡುಗಳ ಪಕ್ಕದಲ್ಲೇ ಇರುವ ರಾಸಾಯನಿಕ ಮೊದಲು ಖರ್ಚಾಗುತ್ತದೆ, ದೂರದ್ದು ಅಲ್ಲಿಗೆ ಬಂದು ಸೇರಲು ಹೊತ್ತು ಬೇಕು. ಬಿಡಿಸಿದ ಮೇಲೆ ಅಂಕಿ ಮೆಲ್ಲಗೆ ಏರುವುದು ಇದಕ್ಕೇ.

ಇನ್ನೊಂದು ತಪ್ಪು ಅವಳು ಮಾಡಿದಳು, ನಾನು ತಡೆಯಬೇಕಿತ್ತು. ಮೀಟರಿನ ಕೆಂಪು ವೈರ್ ಮಿಲಿಆಂಪ್ ತೂತಿನಲ್ಲಿ ಇದ್ದಾಗಲೇ ಹೊಸ ಸೆಲ್ಲಿಗೆ ನೇರವಾಗಿ ಹಿಡಿದಳು. ಅದು ಸೆಲ್ಲನ್ನು ಶಾರ್ಟ್ ಮಾಡಿದ ಹಾಗೆಯೇ, ಒಳಗಿನ ಫ್ಯೂಸ್ ಹೋಯಿತು. ಸಣ್ಣ ಸೆಲ್ ಆದ್ದರಿಂದ ಫ್ಯೂಸಿಗೇ ಮುಗಿಯಿತು. ದಯವಿಟ್ಟು ಈ ಪ್ರಯೋಗವನ್ನು ಕಾರ್ ಬ್ಯಾಟರಿಯ ಮೇಲಾಗಲಿ, ಫೋನಿನ ಲಿಥಿಯಂ ಬ್ಯಾಟರಿಯ ಮೇಲಾಗಲಿ ಮಾಡಬೇಡಿ. ಕಾರ್ ಬ್ಯಾಟರಿಯ ಆಂತರಿಕ ರೋಧ ಕೆಲವು ಮಿಲಿಓಮ್ ಮಾತ್ರ. ಹನ್ನೆರಡು ವೋಲ್ಟನ್ನು ಅದರಿಂದ ಭಾಗಿಸಿ ನೋಡಿ, ನೂರಾರು ಆಂಪ್ ದಾಟುತ್ತದೆ. ಸ್ಪಾನರ್ ಅಡ್ಡ ಬಿದ್ದರೆ ಕೆಂಪಗೆ ಕಾದುಬಿಡುತ್ತದೆ.

ಇನ್ನು ಇಎಂಎಫ್ ಯಾವುದರ ಮೇಲೆ ನಿಂತಿದೆ ಅನ್ನುವ ಪ್ರಶ್ನೆ. ಇದಕ್ಕೆ ನಾವೇ ಒಂದು ಸೆಲ್ ಮಾಡಿದೆವು. ಗಾಜಿನ ಲೋಟದಲ್ಲಿ ಉಪ್ಪು ನೀರು, ಒಂದು ಸತುವಿನ ಪಟ್ಟಿ, ಒಂದು ತಾಮ್ರದ ಪಟ್ಟಿ. ಮೀಟರಿನಲ್ಲಿ 0.78 ವೋಲ್ಟ್. ಪಟ್ಟಿಗಳನ್ನು ಅರ್ಧ ಮೇಲಕ್ಕೆ ಎತ್ತಿದೆವು, ಅಂಕಿ ಹೆಚ್ಚುಕಡಿಮೆ ಅಲ್ಲೇ ಇತ್ತು. ಬರೀ ತುದಿ ಮುಳುಗಿರುವ ಹಾಗೆ ಹಿಡಿದರೂ ಅಲ್ಲೇ. ಅವಳು ಕಣ್ಣರಳಿಸಿ ನೋಡುತ್ತಿದ್ದಳು, ಪಟ್ಟಿ ಮೇಲೆ ಬಂದರೆ ವೋಲ್ಟೇಜ್ ಇಳಿಯಬೇಕು ಅಂತ ಅವಳ ಎಣಿಕೆ. ಆಮೇಲೆ 1 ಕಿಲೋಓಮ್ ಲೋಡ್ ಹಾಕಿ ಅದನ್ನೇ ಮತ್ತೆ ಮಾಡಿದೆವು. ಈಗ ಪಟ್ಟಿ ಎತ್ತಿದಂತೆಲ್ಲ ಅಂಕಿ ಇಳಿಯುತ್ತಾ ಹೋಯಿತು. ಮುಳುಗಿದ ಜಾಗ ಕಡಿಮೆ ಆದರೆ ಒಳಗಿನ ಅಡ್ಡಿ ಜಾಸ್ತಿ ಆಗುತ್ತದೆ, ಇಎಂಎಫ್ ಮಾತ್ರ ಕದಲುವುದಿಲ್ಲ. ಎರಡೂ ಕಡೆ ಸತುವನ್ನೇ ಹಾಕಿದಾಗ ಹೆಚ್ಚುಕಡಿಮೆ ಸೊನ್ನೆ. ಸತುವಿನ ಬದಲು ಕಬ್ಬಿಣದ ಮೊಳೆ ಹಾಕಿದಾಗ 0.78ಕ್ಕಿಂತ ಸಾಕಷ್ಟು ಕಡಿಮೆ. ಅಂದರೆ ಇಎಂಎಫ್ ನಿಂತಿರುವುದು ಯಾವ ಎರಡು ಲೋಹ, ಯಾವ ದ್ರಾವಣ ಅನ್ನುವುದರ ಮೇಲೆ. ಗಾತ್ರದ ಮೇಲೆ ಅಲ್ಲ. ರಿಮೋಟಿನ ಸಣ್ಣ ಸೆಲ್ಲಿಗೂ ಟಾರ್ಚಿನ ದಪ್ಪ ಸೆಲ್ಲಿಗೂ ಮೇಲೆ 1.5 ಅಂತಲೇ ಬರೆದಿರುತ್ತದಲ್ಲ, ಇದಕ್ಕೇ. ದಪ್ಪ ಸೆಲ್ ಜಾಸ್ತಿ ದಿನ ಬರುತ್ತದೆ, ಜಾಸ್ತಿ ಕರೆಂಟ್ ಕೊಡುತ್ತದೆ, ಕೂಲಂಬಿಗೆ ಕೊಡುವ ಜೂಲ್ ಮಾತ್ರ ಅಷ್ಟೇ.

ಲೋಹ ಬದಲಾದರೆ ಈ ಅಂಕಿ ಬದಲಾಗುವುದಕ್ಕೆ ಕಾರಣ ಇದೆ. ಒಂದು ಪರಮಾಣು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಇನ್ನೊಂದು ಅದನ್ನು ಹಿಡಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಒಂದೊಂದು ಎಲೆಕ್ಟ್ರಾನಿಗೆ ಹಂಚಿದರೆ ಬರುವುದೇ ಇಎಂಎಫ್. ರಾಸಾಯನಿಕ ಕ್ರಿಯೆಗಳಲ್ಲಿ ಅದು ಒಂದರಿಂದ ನಾಲ್ಕು ಎಲೆಕ್ಟ್ರಾನ್‌ವೋಲ್ಟಿನ (ಒಂದು ಎಲೆಕ್ಟ್ರಾನ್ ಒಂದು ವೋಲ್ಟ್ ದಾಟಿದಾಗ ಸಿಗುವ ಶಕ್ತಿ) ಆಸುಪಾಸು ಇರುತ್ತದೆ. ಅದಕ್ಕೇ ನಮ್ಮ ಬಳಕೆಯ ಒಂಟಿ ಸೆಲ್‌ಗಳೆಲ್ಲ ಒಂದರಿಂದ ನಾಲ್ಕು ವೋಲ್ಟಿನ ಒಳಗೆ ಅಥವಾ ಅಲ್ಲೇ ಹತ್ತಿರದಲ್ಲಿ ಸಿಗುತ್ತವೆ. 9 ವೋಲ್ಟಿನ ಚೌಕ ಬ್ಯಾಟರಿಯೊಳಗೆ 1.5 ವೋಲ್ಟಿನ ಆರು ಸೆಲ್ ಇವೆ. ಕಾರ್ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಸೆಲ್ ಸಾಲಾಗಿ ಇವೆ.

ಓಮ್ ನಿಯಮ ಕೊಟ್ಟ ಜರ್ಮನ್ ವಿಜ್ಞಾನಿ ಓಮ್ ಪಟ್ಟ ಪಾಡು ಇಲ್ಲಿ ನೆನಪಾಗುತ್ತದೆ, ಆ ಕತೆ ನನಗೆ ತುಂಬಾ ಇಷ್ಟ. ವೋಲ್ಟಾ ಮಾದರಿಯ ಸೆಲ್‌ಗಳಿಂದ ಅಳೆಯಲು ಹೋದಾಗ ಕರೆಂಟ್ ಸ್ಥಿರವಾಗಿ ನಿಲ್ಲುತ್ತಲೇ ಇರಲಿಲ್ಲ, ನನ್ನ ಉಪ್ಪು ನೀರಿನ ಸೆಲ್ ಮಾಡಿದ ಹಾಗೆಯೇ. 1826ರಲ್ಲಿ ಅವನು ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಎರಡು ತುದಿಯ ಬಿಸಿಯ ವ್ಯತ್ಯಾಸದಿಂದಲೇ ಹುಟ್ಟುವ ಈ ಇಎಂಎಫ್ ಸಣ್ಣದು, ಆದರೆ ಗಟ್ಟಿಯಾಗಿ ನಿಲ್ಲುತ್ತದೆ. ಬೇರೆ ಬೇರೆ ಉದ್ದದ ತಂತಿ ಹಾಕಿ ಅಳೆದು ಅವನು ಬರೆದ ಸಂಬಂಧದಲ್ಲಿ ಛೇದದಲ್ಲಿ ಎರಡು ಪದ ಇವೆ. ಒಂದು ಹೊರಗಿನ ತಂತಿಯ ಉದ್ದ, ಇನ್ನೊಂದು ಸರ್ಕ್ಯೂಟಿನ ಉಳಿದ ಭಾಗಕ್ಕೆ ಸೇರಿದ ಒಂದು ಸ್ಥಿರಾಂಕ. ಆಂತರಿಕ ರೋಧ ಆವತ್ತೇ ಆ ಸೂತ್ರದಲ್ಲಿ ಬಂದು ಕೂತಿತ್ತು. ನಾವು ಶಾಲೆಯಲ್ಲಿ ಓಮ್ ನಿಯಮ ಕಲಿಯುವಾಗ ಆ ಎರಡನೇ ಪದವನ್ನು ಬಿಟ್ಟೇ ಕಲಿಯುತ್ತೇವೆ. ಅದನ್ನು ಮೊದಲ ದಿನವೇ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

ಕರೆಂಟ್ ಒಂದಿಷ್ಟೂ ಎಳೆಯದೆ ಇಎಂಎಫ್ ಅಳೆಯುವ ದಾರಿಯೂ ಹಳೆಯದೇ. ಪೊಟೆನ್ಶಿಯೋಮೀಟರ್ ದಾರಿ ಅದು, 1841ರಲ್ಲಿ ಜರ್ಮನ್ ವಿಜ್ಞಾನಿ ಪೊಗೆಂಡಾರ್ಫ್ ವಿವರಿಸಿದ್ದು. ಒಂದು ಮೀಟರ್ ಉದ್ದದ ನೈಕ್ರೋಮ್ ತಂತಿಯನ್ನು ಹಲಗೆಗೆ ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಸ್ಕೇಲ್ ಅಂಟಿಸಿ, ತಂತಿಯ ಎರಡು ತುದಿಗೆ ಸರಿಯಾಗಿ 2 ವೋಲ್ಟ್ ಬೀಳುವ ಹಾಗೆ ಹೊಂದಿಸಿಕೊಂಡೆ. ಅಂದರೆ ಒಂದು ಸೆಂಟಿಮೀಟರಿಗೆ 0.02 ವೋಲ್ಟ್. ಅಳೆಯಬೇಕಾದ ಸೆಲ್ಲಿನ ಪ್ಲಸ್ಸನ್ನು ತಂತಿಯ ಪ್ಲಸ್ ತುದಿಗೆ ಕೊಟ್ಟು, ಇನ್ನೊಂದು ತುದಿಯನ್ನು ಗ್ಯಾಲ್ವನೋಮೀಟರಿನ (ತೀರಾ ಸಣ್ಣ ಕರೆಂಟಿಗೂ ಮುಳ್ಳು ವಾಲುವ ಮೀಟರ್) ಮೂಲಕ ತಂತಿಯ ಮೇಲೆ ಅಲ್ಲಲ್ಲಿ ತಾಗಿಸುತ್ತಾ ಹೋಗಬೇಕು. ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ನಡುವೆ ಒಂದು ಜಾಗದಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಅಲ್ಲಿ ಸೆಲ್ಲಿನಿಂದ ಕರೆಂಟ್ ಸೊನ್ನೆ. ಹೊಸ ಸೆಲ್ಲಿಗೆ 80 ಸೆಂಟಿಮೀಟರ್, ಹಳೆಯದಕ್ಕೆ 69. ಗುಣಿಸಿ ನೋಡಿ, 1.60 ಮತ್ತು 1.38. ಮೀಟರ್ ಸುಳ್ಳು ಹೇಳಿಲ್ಲ ಅನ್ನುವುದಕ್ಕೆ ಅವಳಿಗೆ ಇದೇ ಸಾಕ್ಷಿ ಆಯಿತು. ಮುಳ್ಳು ತಂತಿಯ ಎರಡು ತುದಿಯಲ್ಲೂ ಒಂದೇ ಕಡೆ ವಾಲಿದರೆ ಸೆಲ್ಲನ್ನು ಉಲ್ಟಾ ಹಾಕಿದ್ದೀರಿ ಅಂತ, ಇಲ್ಲವೇ ತಂತಿಯ ಮೇಲಿನ ವೋಲ್ಟೇಜ್ ಸೆಲ್ಲಿಗಿಂತ ಕಡಿಮೆ ಇದೆ ಅಂತ. ನಾವು ಅರ್ಧ ಗಂಟೆ ಕಳೆದದ್ದು ಇದರಲ್ಲೇ.

ಡಿಜಿಟಲ್ ಮೀಟರ್ ಇರುವಾಗ ಇದು ಯಾಕೆ ಅಂತ ಕೇಳಬಹುದು. ಸೆಲ್ಲಿಗೆ ಬೇಡ. ಆದರೆ ಪಿಎಚ್ (ದ್ರಾವಣ ಎಷ್ಟು ಆಮ್ಲೀಯ ಅನ್ನುವುದು) ಅಳೆಯುವ ಗಾಜಿನ ಎಲೆಕ್ಟ್ರೋಡಿನ ರೋಧ 100 ಮೆಗಾಓಮ್ ಇರಬಹುದು. ಅದಕ್ಕೆ ನಮ್ಮ 10 ಮೆಗಾಓಮಿನ ಮೀಟರ್ ಹಿಡಿದರೆ ನಿಜವಾದ ಇಎಂಎಫಿನ ಹನ್ನೊಂದನೇ ಒಂದು ಭಾಗ ಮಾತ್ರ ಕಾಣುತ್ತದೆ.

ಇಎಂಎಫ್ ಅಂದರೆ ಸೆಲ್ಲಿನ ತುದಿಯಲ್ಲಿ ಕಾಣಬಲ್ಲ ಅತಿ ಹೆಚ್ಚು ವೋಲ್ಟೇಜ್ ಅಂತ ಕೆಲವರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ರೀಚಾರ್ಜ್ ಸೆಲ್ಲನ್ನು ಚಾರ್ಜರಿಗೆ ಹಾಕಿ ತುದಿಯಲ್ಲಿ ಅಳೆದು ನೋಡಿ. ನನ್ನದು ಹೊರಗೆ 1.30 ಇದ್ದದ್ದು ಚಾರ್ಜ್ ಆಗುವಾಗ 1.45 ತೋರಿಸಿತು. ಕರೆಂಟ್ ಉಲ್ಟಾ ಹೋಗುತ್ತಿದೆಯಲ್ಲ, ಮೊದಲು ಬರೆದ ತುದಿಯ ವೋಲ್ಟೇಜಿನ ಸೂತ್ರದಲ್ಲಿ ಕಳೆಯುವ ಚಿಹ್ನೆ ಕೂಡುವ ಚಿಹ್ನೆ ಆಗುತ್ತದೆ.

ಕೊನೆಗೆ ಮೋಟರ್. ಇಎಂಎಫ್ ಸೆಲ್ಲಿನಲ್ಲಿ ಮಾತ್ರ ಇರುತ್ತದೆ ಅಂದುಕೊಂಡರೆ ಅರ್ಧ ಪಾಠವೇ ತಪ್ಪಿಹೋಗುತ್ತದೆ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲೇ ಇಎಂಎಫ್ ಹುಟ್ಟುತ್ತದೆ ಅಂತ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಆಟಿಕೆಯ ಸಣ್ಣ ಮೋಟರನ್ನು ಮೀಟರಿಗೆ ಜೋಡಿಸಿ, ಅದರ ಅಚ್ಚಿಗೆ ದಾರ ಸುತ್ತಿ ಎಳೆದರೆ ಅಂಕಿ ಜಿಗಿಯುತ್ತದೆ. ಉಲ್ಟಾ ಸುತ್ತಿ ಎಳೆದರೆ ಅದೇ ಅಂಕಿ ಮೈನಸ್ಸಿನಲ್ಲಿ ಬರುತ್ತದೆ.

ಹಾಗಾದರೆ ಸೆಲ್ಲಿನಿಂದ ಮೋಟರ್ ಓಡುತ್ತಿರುವಾಗಲೂ ಒಳಗೆ ಇಎಂಎಫ್ ಹುಟ್ಟುತ್ತಿರಬೇಕು ಅಲ್ವಾ? ಹುಟ್ಟುತ್ತದೆ, ಸೆಲ್ಲಿಗೆ ಎದುರಾಗಿ. ಎರಡು ಹೊಸ ಸೆಲ್ ಸಾಲಾಗಿ ಹಾಕಿದೆವು. ಒಟ್ಟು ಇಎಂಎಫ್ 3.2, ಆಂತರಿಕ ರೋಧ 0.6 ಓಮ್. ಮೋಟರಿನ ಸುರುಳಿ 2 ಓಮ್. ಬರೀ ರೋಧಗಳ ಲೆಕ್ಕ ಹಾಕಿದರೆ 1.23 ಆಂಪ್ ಹರಿಯಬೇಕು. ಮೀಟರಿನ 10 ಆಂಪ್ ರೇಂಜಿನಲ್ಲಿ ಬಂದದ್ದು 0.2. ಸೆಲ್ಲಿನ ತುದಿಯಲ್ಲಿ 3.08 ವೋಲ್ಟ್, ಸುರುಳಿಯ ರೋಧಕ್ಕೆ ಹೋದದ್ದು 0.4, ಉಳಿದ 2.68 ವೋಲ್ಟ್ ತಿರುಗುವ ಮೋಟರ್ ತಾನೇ ಹುಟ್ಟಿಸಿ ಎದುರು ನಿಲ್ಲಿಸಿದ್ದು. ಅವಳಿಗೆ ಅಚ್ಚನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿ ಅಂದೆ. ಮೋಟರ್ ನಿಂತಿತು, ಮೀಟರ್ 1.2 ದಾಟಿತು, ತುದಿಯ ವೋಲ್ಟೇಜ್ ಎರಡೂವರೆಗೆ ಕುಸಿಯಿತು. ತಿರುಗುವಾಗ ಸುರುಳಿಯಲ್ಲಿ ಬಿಸಿಯಾಗುತ್ತಿದ್ದದ್ದು 0.08 ವ್ಯಾಟ್, ಈಗ 3 ವ್ಯಾಟ್. ಹತ್ತು ಎಣಿಸುವಷ್ಟರಲ್ಲಿ "ಮಾಮಾ, ಸುಡ್ತಿದೆ" ಅಂತ ಬಿಟ್ಟುಬಿಟ್ಟಳು. ಮೋಟರ್ ಸುಯ್ ಅಂತ ತಿರುಗಿತು, ಅಂಕಿ ಮತ್ತೆ 0.2ಕ್ಕೆ ಇಳಿಯಿತು.